ಹೆಸರಿಲ್ಲದ ಊರಿನ ಮೊದಲ ರೊಟ್ಟಿ

ಬಹಳ ಬಹಳ ಹಿಂದೆ, ಏಳು ಕಡಲಿನಾಚೆಯ ಇಂಗ್ಲಿಷರ ನಾಡಿನಲ್ಲಿ ಒಂದು ಪುಟ್ಟ ಊರಿತ್ತು. ಅಲ್ಲಿ ಜನರಿಗಿಂತ ಕುರಿಗಳೇ ಹೆಚ್ಚು. ಊರಿಗೆ ಹೆಸರಿರಲಿಲ್ಲ. ಎಲ್ಲರೂ 'ನಮ್ಮೂರು' ಎನ್ನುತ್ತಾ ಹಾಯಾಗಿದ್ದರು.

ಒಂದು ಬೆಳಿಗ್ಗೆ ಬೆಟ್ಟದಿಂದ ಮಂಜಿನ ಮಾಂತ್ರಿಕ ಇಳಿದು ಬಂದ.

"ಹೆಸರಿಲ್ಲದ ಊರು ನನ್ನದು! ಮೂರು ಸಲ ಕೇಳುತ್ತೇನೆ. ಹೊರಗಿನವರು ನಿಮ್ಮೂರನ್ನು ಕರೆಯುವ ಹೆಸರು ಹೇಳಿ. ಇಲ್ಲದಿದ್ದರೆ ಮಂಜು ತಲೆ ಮುಚ್ಚುತ್ತದೆ, ನೀವೆಲ್ಲ ಕುರಿಗಳಾಗುತ್ತೀರಿ."

ಊರ ಹಿರಿಯ ಆಸ್ವಿನ್ ಮೀಸೆ ತಿರುವಿದ. "ಸಿಂಹಪುರ!"

"ಯಾರಯ್ಯ ಹಾಗೆ ಕರೆಯುವವರು?" ಮಂಜು ಮೊಣಕಾಲಿಗೆ ಬಂತು.

"ಹಾಗಾದರೆ ಸುವರ್ಣಪುರ!"

"ಯಾರಯ್ಯ ಹಾಗೆ ಕರೆಯುವವರು?" ಮಂಜು ಸೊಂಟಕ್ಕೆ ಬಂತು.

ದೊಡ್ಡವರಿಗೆ ಸೊಂಟವಾದರೆ ಪುಟ್ಟ ವಿನಿಗೆ ಗಲ್ಲ. ಅವಳ ತಾಯಿ, ರೊಟ್ಟಿ ಸುಡುವ ಎಡಿತ್, ಹೆದರಿ ಮಗಳನ್ನು ಹೆಗಲಿಗೇರಿಸಿಕೊಂಡಳು. ಮೂರನೆಯ ಹೆಸರಿಗಾಗಿ ಗಂಡಸರು ಜಗಳಕ್ಕೆ ನಿಂತರು. ಅದೊಂದರಲ್ಲಿ ಅವರಿಗೆ ಆಯಾಸವೇ ಇರಲಿಲ್ಲ.

ಒಲೆಯಿಂದ ಬಂದ ಮೊದಲ ರೊಟ್ಟಿಯನ್ನು ಗಡಿಕಲ್ಲಿನ ಮೇಲೆ ದಾರಿಹೋಕರಿಗೆ ಇಡುವುದು ಆ ಊರಿನ ರೂಢಿ. ಎಡಿತಳಿಗೆ ತಟ್ಟನೆ ನೆನಪಾಯಿತು.

"ಅಯ್ಯೋ, ಇವತ್ತಿನದು ಇನ್ನೂ ಇಟ್ಟಿಲ್ಲ! ಯಾರು ಹಸಿದು ಕೂತಿದ್ದಾರೋ!"

ಒಲೆಯ ಮೇಲಿನ ರೊಟ್ಟಿ ತೆಗೆದುಕೊಂಡು, ಮಗಳನ್ನು ಹೊತ್ತೇ ಮಂಜಿನಲ್ಲಿ ತಡವರಿಸುತ್ತಾ ಗಡಿಕಲ್ಲಿಗೆ ಹೋದಳು. ಕಲ್ಲಿನ ಬಳಿ ಒಂದು ಬಿಳಿ ತೋಳ ಕಾಯುತ್ತಿತ್ತು.

"ಬಂದೆಯಾ ತಾಯಿ? ರೊಟ್ಟಿಕಲ್ಲಿಗೆ ಬಂದೂ ಉಪವಾಸವೇ ಎಂದುಕೊಂಡಿದ್ದೆ."

"ಏನಂದೆ? ರೊಟ್ಟಿಕಲ್ಲೇ?"

"ನಿಮ್ಮ ಊರೇ ಕಣಮ್ಮ! ದಾರಿಯವರೆಲ್ಲ ಹಾಗೇ ಕರೆಯುವುದು. ನಿಮಗೇ ಗೊತ್ತಿಲ್ಲವೇ?"

ಎಡಿತಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅರ್ಧ ರೊಟ್ಟಿಯನ್ನು ತೋಳಕ್ಕೆ ಕೊಟ್ಟು, ಉಳಿದರ್ಧ ಹಿಡಿದು ಹಿಂದಕ್ಕೆ ಓಡಿದಳು. ಗಂಡಸರ ಜಗಳ ಇನ್ನೂ ಮುಗಿದಿರಲಿಲ್ಲ; ಹೊತ್ತು ಹೋದಂತೆ ಏರಿದ ಮಂಜು ಆಗಲೇ ಅವಳ ಕತ್ತಿಗೆ ಬಂದಿತ್ತು.

"ನಮ್ಮೂರು ರೊಟ್ಟಿಕಲ್ಲು!"

"ಯಾರಮ್ಮ ಹಾಗೆ ಕರೆಯುವವರು? ಹೊರಗಿನವರ ಬಾಯಿಂದ ನನ್ನ ಕಿವಿಗೆ ಬೀಳಬೇಕು."

ಎಡಿತ್ ಅವನನ್ನು ನೋಡಿದಳು. ಹಸಿವಿನಿಂದ ಅವನ ಕೆನ್ನೆ ಒಳಗೆ ಹೋಗಿತ್ತು.

"ನೀನೂ ದಾರಿಹೋಕನೇ ತಾನೆ? ತಗೋ, ಬಿಸಿ ಇರುವಾಗಲೇ ತಿನ್ನು."

ಅವನಿಗೆ ಅಲ್ಲಿಯವರೆಗೆ ಯಾರೂ ಏನನ್ನೂ ಕೊಟ್ಟಿರಲಿಲ್ಲ. ಒಂದು ತುತ್ತು ತಿಂದ, ಇನ್ನೊಂದು ತಿಂದ. ಕಣ್ಣು ಮುಚ್ಚಿ, "ಆಹಾ, ರೊಟ್ಟಿಕಲ್ಲಿನ ರೊಟ್ಟಿ ಎಂದರೆ ರೊಟ್ಟಿ!" ಎಂದುಬಿಟ್ಟ.

ಅಂದವನೇ ಬಾಯಿ ಮುಚ್ಚಿಕೊಂಡ. ಆದರೆ ಮಾತು ಹೊರಬಿದ್ದಾಗಿತ್ತು. ಮಂಜು ಕರಗಿತು, ಬಿಸಿಲು ಬಿತ್ತು, ವಿನಿ ಹೆಗಲಿಂದ ಜಾರಿ ಕುಣಿದಳು. ಮಾಂತ್ರಿಕ ನಿಂತ ಜಾಗದಲ್ಲಿ ಒಬ್ಬ ಬಡಕಲು ಮುದುಕನಿದ್ದ.

ಅಂದಿನಿಂದ ರೊಟ್ಟಿಕಲ್ಲಿನವರು ಕುರಿ ಕಾಯುತ್ತಾ, ಹೊಟ್ಟೆ ತುಂಬ ಉಣ್ಣುತ್ತಾ ಸುಖವಾಗಿದ್ದರು. ಸಿಂಹಪುರವೇ ಚೆನ್ನಾಗಿತ್ತು ಎಂದು ಆಸ್ವಿನ್ ಮಾತ್ರ ಕೊನೆಯವರೆಗೂ ಗೊಣಗಿದ. ಗಡಿಕಲ್ಲಿನ ಬಳಿ ದಿನಾ ಬೆಳಿಗ್ಗೆ ಬಿಳಿ ತೋಳ ಬಂದು ಕೂರುತ್ತಿತ್ತು. ಅದರ ಹಿಂದೆ, ತನ್ನ ಸರದಿಗೆ ಕಾಯುತ್ತಾ, ಆ ಮುದುಕ.