ಗೊರಿಲ್ಲಾ ಮೇಷ್ಟ್ರ ಒದ್ದೆ ಪಾಸ್‌ಪೋರ್ಟು

ಮಷಿನ್ನಿನ ಗುಂಡು ಬಾಗಿಲು ತೆರೆದು ಒದ್ದೆ ಬಟ್ಟೆಗಳನ್ನು ಬುಟ್ಟಿಗೆ ಎಳೆದುಕೊಳ್ಳುವಾಗ ಲಾಂಡ್ರಿಯಮ್ಮನ ಕೈಗೆ ಏನೋ ಗಟ್ಟಿಯಾದದ್ದು ತಗುಲಿತು. ಗಂಡನ ಹೊಸ ಕಪ್ಪು ಪ್ಯಾಂಟು. ತೊಡೆಯ ಮೇಲೆ ಜಿಪ್ ಹಾಕಿದ ಜೇಬು. ಜಿಪ್ ಎಳೆದಳು. ಹೊರಬಂದದ್ದು ಪಾಸ್‌ಪೋರ್ಟು! ಉಬ್ಬಿ ಮೆತ್ತಗಾಗಿತ್ತು, ಪುಟಕ್ಕೆ ಪುಟ ಅಂಟಿತ್ತು, ಫೋಟೋದಲ್ಲಿದ್ದ ಮುಖದ ಗುರುತೇ ಸಿಗುತ್ತಿರಲಿಲ್ಲ.

ಇನ್ನು ಮೂರೇ ದಿನಕ್ಕೆ ಗಂಡ ಆಫ್ರಿಕಾದ ವಿಮಾನ ಹತ್ತಬೇಕಿತ್ತು.

ಗಂಡನಿಗೆ ಗೊರಿಲ್ಲಾ ಮೇಷ್ಟ್ರು ಎಂದೇ ಹೆಸರು ಬಿದ್ದಿತ್ತು. ಡ್ರೈವಿಂಗ್ ಶಾಲೆ ನಡೆಸುವ ಮನುಷ್ಯ. ಬೆಳಗಿನಿಂದ ಸಂಜೆವರೆಗೆ ಕಾರಿನಲ್ಲಿ ಕೂತು, ಪಕ್ಕದವರ ಮೇಲೆ ರೇಗಿ, ಹೊಟ್ಟೆ ಬೆಳೆಸಿಕೊಂಡವರು. ವರ್ಷದ ಹಿಂದೆ ವಾಕಿಂಗ್ ಗೆಳೆಯರ ನಡುವೆ ಮಾತಿಗೆ ಮಾತು ಬೆಳೆದು, ಎಂಟು ಜನ ಸೇರಿ ಬೆಟ್ಟದ ಕಾಡು ಗೊರಿಲ್ಲಾಗಳನ್ನು ನೋಡಿಬರುವುದೆಂದು ತೀರ್ಮಾನವಾಯಿತು. ಅಂದಿನಿಂದ ಮೇಷ್ಟ್ರ ಬಾಯಿಗೆ ಬಿಡುವಿಲ್ಲ. ಕ್ಲಚ್ಚು ಕಲಿಯಲು ಬಂದವರಿಗೂ ಗೊರಿಲ್ಲಾ, ಇಸ್ತ್ರಿಗೆ ಬಟ್ಟೆ ಕೊಡಲು ಬಂದವರಿಗೂ ಗೊರಿಲ್ಲಾ. ದಾರಿಯಿಲ್ಲದ ಕಾಡಿನಲ್ಲಿ ಕೆಸರು ತುಳಿದು ಗಂಟೆಗಟ್ಟಲೆ ಹತ್ತಬೇಕು. ಚುಚ್ಚುವ ಗಿಡಗಳಿಂದ ಕೈ ಉಳಿಸಿಕೊಳ್ಳಲು ದಪ್ಪ ಕೈಗವಸು ಬೇಕು. ಅಷ್ಟು ಪಾಡು ಪಟ್ಟ ಮೇಲೆ ನೋಡಲು ಸಿಗುವುದು ಒಂದೇ ಗಂಟೆ. ನೆಗಡಿಯಾದವರನ್ನು ಹತ್ತಿರ ಬಿಡುವುದಿಲ್ಲ, ನಮ್ಮ ನೆಗಡಿ ಅವುಗಳ ಜೀವಕ್ಕೇ ಸಂಚಕಾರ. ಬೆನ್ನು ಬೆಳ್ಳಗಾದ ಗಂಡು ಎದೆ ಬಡಿದುಕೊಂಡು ನುಗ್ಗಿ ಬಂದರೆ ಓಡಬಾರದು, ತಲೆ ತಗ್ಗಿಸಿ ಕೂತುಬಿಡಬೇಕು. "ನಾನೂ ಬರ್ಲಾ?" ಎಂದು ಹೆಂಡತಿ ಒಮ್ಮೆ ಕೇಳಿದ್ದಳು. "ನಿನ್ನ ಕೈಲಿ ಆಗಲ್ಲ ಕಣೇ" ಎಂದು ಮೇಷ್ಟ್ರು ನಕ್ಕುಬಿಟ್ಟಿದ್ದರು. ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ದಿನವಿಡೀ ತಾರಸಿ ಹತ್ತಿ ಇಳಿಯುವವಳಿಗೆ ಅವರು ಹೇಳಿದ ಮಾತು ಅದು.

ಪಾಸ್‌ಪೋರ್ಟು ನೋಡಿದವರೇ ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತರು. ಗೊರಿಲ್ಲಾ ನೋಡುವ ಪರ್ಮಿಟ್ಟು ಆ ಪಾಸ್‌ಪೋರ್ಟಿನ ನಂಬರಿಗೇ ಬರೆದದ್ದು, ಆ ಒಂದು ದಿನಕ್ಕೇ. ಹೊಸದು ಮಾಡಿಸುವಷ್ಟರಲ್ಲಿ ದಿನ ದಾಟಿರುತ್ತದೆ. ಬೇರೆಯವರಿಗೆ ಕೊಡುವ ಹಾಗೂ ಇಲ್ಲ.

"ನಾನು ಹೇಳಿರ್ಲಿಲ್ವೇನೇ?" ಎಂದರು, ಅಂಗಡಿಯಲ್ಲಿ ಗಿರಾಕಿಗಳು ನಿಂತಿರುವಾಗಲೇ. "ರಾತ್ರಿ ಪ್ಯಾಂಟು ನಿನ್ನ ಕೈಗೇ ಕೊಟ್ಟು, ಜಿಪ್ ಜೇಬಲ್ಲಿ ಪಾಸ್‌ಪೋರ್ಟ್ ಇದೆ, ತೆಗೆದಿಡು ಅಂದೆ. ಹೂಂ ಅಂದೆ ನೀನು!"

"ಯಾವಾಗ?"

"ಯಾವಾಗ ಅಂತಾಳೆ! ಅಡುಗೆಮನೆ ಬಾಗಿಲಲ್ಲಿ. ಕೈ ಒರೆಸ್ಕೋತಾ ಹೂಂ ಅಂದೆ."

ಅವಳಿಗೆ ನೆನಪಿರಲಿಲ್ಲ. ಎಷ್ಟು ಕೆದಕಿದರೂ ನೆನಪಿರಲಿಲ್ಲ. ಆ ಕ್ಷಣದಿಂದ ಅವಳಿಗೆ ಒಂದು ಭಯ ಹತ್ತಿತು. ಅವಳ ತಾಯಿಗೂ ಹೀಗೇ ಶುರುವಾದದ್ದು. ಮೊದಲು ಆಡಿದ ಮಾತು ಮರೆತರು, ಆಮೇಲೆ ಮನೆಯ ದಾರಿ, ಕೊನೆಗೆ ಹೆತ್ತ ಹೆಣ್ಣುಮಕ್ಕಳಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು "ನೀವು ಯಾರ ಮನೆಯವರಮ್ಮಾ?" ಎಂದು ಕೇಳುತ್ತಿದ್ದರು.

ಮಗ ಅಮ್ಮನ ಕೈಯಿಂದ ಅಂಗಡಿಯ ಬೀಗದ ಕೈ ಮೆಲ್ಲಗೆ ತೆಗೆದುಕೊಂಡ. ಮೆದುಳಿನ ಡಾಕ್ಟರ ಹತ್ತಿರ ಸಮಯ ಗೊತ್ತುಮಾಡಿದ. ಮೇಷ್ಟ್ರು ಗೆಳೆಯರಿಗೆಲ್ಲ ಫೋನು ಹಚ್ಚಿ, "ಏನ್ ಮಾಡೋದು, ಅವಳ ತಪ್ಪಲ್ಲ, ಅವಳ ತಾಯಿಗೂ ಇತ್ತು" ಎಂದು ದೊಡ್ಡ ಮನಸ್ಸು ತೋರಿಸಿದರು.

ಉಳಿದ ಏಳು ಜನ ಹೊರಡಬೇಕಾದ ದಿನ ಬೆಳಿಗ್ಗೆ ಲಾಂಡ್ರಿಯಮ್ಮನ ಅಕ್ಕ ಬಂದಳು.

ಅಕ್ಕ ವಿಮಾ ಕಂಪನಿಯಲ್ಲಿ ತನಿಖೆಯ ಕೆಲಸ ಮಾಡಿ ನಿವೃತ್ತಳಾದವಳು. ಸುಟ್ಟ ಗೋದಾಮು, ಮುಳುಗಿದ ಲಾರಿ, ಕಳುವಾದ ಒಡವೆ—ಇಂಥವನ್ನು ನೋಡಿಯೇ ತಲೆ ನೆರೆಯಿತು. ತಂಗಿಯನ್ನು ತಬ್ಬಿಕೊಳ್ಳಲಿಲ್ಲ, ಕಣ್ಣೀರು ಒರೆಸಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು.

"ಅವತ್ತಿಂದು ಹೇಳು."

"ಏನ್ ಹೇಳ್ಲಿ ಅಕ್ಕ? ಬೆಳಿಗ್ಗೆ ಬುಟ್ಟಿಯಲ್ಲಿತ್ತು, ಮಷಿನ್ನಿಗೆ ಹಾಕಿದೆ. ಅವರು ರಾತ್ರೀನೇ ಹೇಳಿದ್ರಂತೆ."

"ಅಂತೆ ಬಿಡು. ಜೇಬು ನೋಡಿದ್ಯಾ?"

"ಇಲ್ಲ. ಗಿರಾಕಿಗಳದ್ದಾದ್ರೆ ಒಂದೂ ಬಿಡದೆ ನೋಡ್ತೀನಿ. ಇವರದ್ದು ಇವರೇ ಖಾಲಿ ಮಾಡಿ ಬುಟ್ಟಿಗೆ ಹಾಕ್ತಾರೆ." ಅವಳು ಅಕ್ಕನ ಹತ್ತಿರ ಸರಿದಳು. "ಅಕ್ಕ, ನನಗೂ ಅಮ್ಮನ ಹಾಗೇ ಆಗ್ತಿದ್ಯಾ? ನಿಜ ಹೇಳು."

ಅಕ್ಕನ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಆ ತಾಯಿ ಅವಳಿಗೂ ತಾಯಿಯೇ.

"ಪ್ಯಾಂಟೆಲ್ಲಿ?"

ಹಿಂದಿನ ಕೋಣೆಯ ತಂತಿಯ ಮೇಲೆ ಅದು ಹಾಗೇ ನೇತಾಡುತ್ತಿತ್ತು. ಒಣಗಿ ಗರಿಗರಿಯಾಗಿದ್ದರೂ ಮುಟ್ಟಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಜೇಬುಗಳನ್ನು ಒಂದೊಂದಾಗಿ ಒಳಹೊರಗು ಮಾಡಿದಳು. ಅಂಗೈಯಿಂದ ಸವರಿದಳು. ಆಮೇಲೆ ಮೂಲೆಯಲ್ಲಿ ಡಬ್ಬಿಯೊಳಗಿದ್ದ ಮೇಷ್ಟ್ರ ಬೆಟ್ಟದ ಬೂಟುಗಳನ್ನು ಎತ್ತಿ, ತಿರುವಿ, ಅಡಿ ನೋಡಿ ಕೆಳಗಿಟ್ಟಳು.

ಮೊದಲು ಕರೆದದ್ದು ಅಂಗಡಿಯಲ್ಲಿ ಕೆಲಸಕ್ಕಿದ್ದ ಇಸ್ತ್ರಿಯವನನ್ನು.

"ಮೇಷ್ಟ್ರಿಗೂ ನಿನಗೂ ಅಷ್ಟಕ್ಕಷ್ಟೇ ಅಂತೆ?"

"ಅಯ್ಯೋ ಅಮ್ಮಾ, ಪಾಸ್‌ಪೋರ್ಟ್ ತೊಳೆಯೋ ಅಷ್ಟು ದ್ವೇಷ ಇಲ್ಲ!" ಅವನು ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಕೈಮುಗಿದ. "ಒಂದ್ಸಲ ಅವರ ಜೇಬಿನ ಟಿಶ್ಯೂ ಕಾಗದ ಮಷಿನ್ನಿಗೆ ಹೋಗಿ ವಕೀಲರ ಕರಿಕೋಟೆಲ್ಲ ಹಾಳಾಗಿತ್ತು. ಕೂತು ಕಿತ್ತವನು ನಾನು. ಅವತ್ತು ಅಮ್ಮಾವ್ರು ಮೇಷ್ಟ್ರಿಗೆ ಎಲ್ಲರ ಮುಂದೆ ಸರಿಯಾಗಿ ಬಿಸಿ ಮುಟ್ಟಿಸಿದ್ರು. ನಾನು ನಕ್ಕೆ. ಅಷ್ಟಕ್ಕೇ ನನ್ನ ಕಂಡ್ರೆ ಆಗಲ್ಲ ಅವರಿಗೆ."

"ಅವತ್ತು ಬುಟ್ಟಿ ಮುಟ್ಟಿದ್ಯಾ?"

"ನಾನು ಬರೋ ಹೊತ್ತಿಗೆ ಮಷಿನ್ ತಿರುಗ್ತಿತ್ತು."

ಆಮೇಲೆ ಮಗ.

"ಅಪ್ಪ ಹೋಗೋದು ನಿನಗಿಷ್ಟ ಇರ್ಲಿಲ್ಲ."

"ಇರ್ಲಿಲ್ಲ ದೊಡ್ಡಮ್ಮ. ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡ್ತಾರೆ. ಹೇಳಿದ್ರೆ ಜಗಳ. ಹಾಗಂತ ನಾನು—"

"ಪ್ಯಾಂಟು ತೊಳೆಯೋ ಹಿಂದಿನ ದಿನ ಗೊರಿಲ್ಲಾ ತಂಡಕ್ಕೆ ಬೀಳ್ಕೊಡುಗೆ ಇತ್ತಲ್ಲ, ಅಲ್ಲಿ ನೀನಿದ್ಯಾ?"

"ಇದ್ದೆ. ಅಪ್ಪ ಇದೇ ಪ್ಯಾಂಟು ಹಾಕ್ಕೊಂಡು ಭಾಷಣ ಬಿಗಿದ್ರು. ಪಾಸ್‌ಪೋರ್ಟ್ ಎತ್ತಿ ತೋರ್ಸಿ, ಜಿಪ್ ಜೇಬಿಗೆ ಹಾಕಿ ತಟ್ಟಿಕೊಂಡ್ರು. ಅಷ್ಟರಲ್ಲಿ ಸೀನು ಹತ್ತಿಕೊಳ್ತು. ಮೂಗು ಒರೆಸೋದು, ಟಿಶ್ಯೂನ ಅದೇ ಜೇಬಿಗೆ ತುರುಕೋದು. ಎಲ್ಲರೂ ರೇಗಿಸಿದ್ರು, ನೆಗಡಿ ಇದ್ರೆ ಗೊರಿಲ್ಲಾ ಹತ್ರ ಬಿಡಲ್ಲ ಮೇಷ್ಟ್ರೇ ಅಂತ. ಧೂಳಿಗೆ ಹೀಗೆ ಅಂದ್ರು."

"ಟಿಶ್ಯೂ ಅದೇ ಜೇಬಿಗೆ? ಸರಿಯಾಗಿ ನೋಡಿದ್ಯಾ?"

"ನಾಲ್ಕು ಜನರ ಮುಂದೆ ನಾಚಿಕೆ ಆಗ್ತಿತ್ತು ದೊಡ್ಡಮ್ಮ. ಚೆನ್ನಾಗಿ ನೋಡಿದೀನಿ."

ಕೊನೆಗೆ ಮೇಷ್ಟ್ರು. ಬಂದವರೇ ಸೋಫಾದಲ್ಲಿ ಕುಸಿದು ನಿಟ್ಟುಸಿರು ಬಿಟ್ಟರು. ಲಾಂಡ್ರಿಯಮ್ಮ ಬಾಗಿಲ ಬಳಿ ನಿಂತಳು. ಗಂಡನ ಎದುರು ಕೂರಲು ಈ ಮೂರು ದಿನದಿಂದ ಅವಳಿಗೆ ಧೈರ್ಯ ಬರುತ್ತಿರಲಿಲ್ಲ.

"ನಿಮಗೆ ಬಹಳ ನಿರಾಸೆ ಆಗಿರ್ಬೇಕು ಮೇಷ್ಟ್ರೇ."

"ಹಣೆಬರಹ ಅತ್ತಿಗೆ. ಒಂದು ವರ್ಷದ ತಯಾರಿ. ದಿನಾ ಬೆಳಿಗ್ಗೆ ಈ ಬೂಟು ಹಾಕ್ಕೊಂಡು ನೀರಿನ ಟ್ಯಾಂಕ್ ಗುಡ್ಡ ಹತ್ತಿ ಇಳೀತಿದ್ದೆ, ಕಾಲಿಗೆ ಒಗ್ಗಲಿ ಅಂತ. ಏನು ಪ್ರಯೋಜನ?"

"ಜೇಬಿಗೆ ಪಾಸ್‌ಪೋರ್ಟ್ ಹಾಕಿದ ಮೇಲೆ ಮತ್ತೆ ತೆಗೆದು ನೋಡಿದ್ರಾ?"

"ಇಲ್ಲ. ಮನೆಗೆ ಬಂದೆ, ಬಿಚ್ಚಿದೆ, ಹಾಗ್ಹಾಗೇ ಇವಳ ಕೈಗೆ ಕೊಟ್ಟೆ."

"ಆ ಜೇಬಿಗೆ ಕೈ ಹಾಕ್ಲೇ ಇಲ್ಲ?"

"ಹಾಕ್ಲೇ ಇಲ್ಲ! ಹಾಕಿದ್ರೆ ಪಾಸ್‌ಪೋರ್ಟ್ ನಾನೇ ತೆಗೆದಿಡ್ತಿರ್ಲಿಲ್ವಾ?"

"ಅದೇ ನನ್ನ ಪ್ರಶ್ನೆ" ಎಂದಳು ಅಕ್ಕ.

ಎದ್ದು ಹೋಗಿ ಪ್ಯಾಂಟು ತಂದು ಮೇಷ್ಟ್ರ ತೊಡೆಯ ಮೇಲೆ ಹರವಿದಳು.

"ಇದರ ಬಣ್ಣ ಏನು?"

"ಕಪ್ಪು. ಯಾಕೆ?"

"ಬರೀ ಕಪ್ಪು. ಅದೇ ಎಲ್ಲರ ಕಣ್ಣಿಗೆ ಬಿದ್ದೂ ಬೀಳದೆ ಹೋದದ್ದು. ಒಂದು ಟಿಶ್ಯೂ ಮಷಿನ್ನಿಗೆ ಹೋದ್ರೆ ಏನಾಗುತ್ತೆ ಅಂತ ಈ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತು. ಬಟ್ಟೆ ತುಂಬ ಬಿಳಿ ಚೂರು. ವಕೀಲರ ಕೋಟಿಗೆ ಆದ ಹಾಗೆ. ಅವತ್ತು ಸಂಜೆ ಇದೇ ಜೇಬಿಗೆ ನೀವು ಟಿಶ್ಯೂ ತುರುಕಿದ್ದನ್ನ ಮಗ ನೋಡಿದಾನೆ. ಎಲ್ಲಿ ಹೋದವು? ಜೇಬಿನ ಹೊಲಿಗೆ ಸಂದಿಯಲ್ಲೂ ಒಂದು ಬಿಳಿ ಎಳೆ ಇಲ್ಲ."

ಮೇಷ್ಟ್ರು ಜೇಬನ್ನು ಬೆರಳಿನಿಂದ ತಡಕಿದರು.

"ತೊಳೆಯೋಕೆ ಮುಂಚೆ ಯಾರೋ ಆ ಜೇಬಿಗೆ ಕೈ ಹಾಕಿ ಟಿಶ್ಯೂ ತೆಗೆದಿದಾರೆ. ಅದೇ ಕೈಗೆ ಪುಸ್ತಕದಷ್ಟು ದಪ್ಪ ಪಾಸ್‌ಪೋರ್ಟ್ ಸಿಕ್ಕಿರ್ಲೇಬೇಕು. ಅದನ್ನ ಒಳಗೇ ಬಿಟ್ಟು ಜಿಪ್ ಎಳೆದಿದಾರೆ. ಇದು ಮರೆವಲ್ಲ, ಮೇಷ್ಟ್ರೇ. ನನ್ನ ತಂಗಿ ಕೈ ಹಾಕಿದ್ರೆ ಪಾಸ್‌ಪೋರ್ಟೂ ಹೊರಗೆ ಬರ್ತಿತ್ತು. ನಿಮಗೆ ಆಗದವರು ಮಾಡಿದ್ರೆ ಟಿಶ್ಯೂ ತೆಗೆಯೋ ಉಸಾಬರಿ ಅವರಿಗ್ಯಾಕೆ? ನಿಮ್ಮ ಟಿಶ್ಯೂ ಆರಿಸಿ ತೆಗೆದು ಬಟ್ಟೆ ಬುಟ್ಟಿಗೆ ಹಾಕೋರು ಈ ಮನೇಲಿ ಒಬ್ಬರೇ. ಬೈಸಿಕೊಂಡ ಮೇಲೆ ಕಲಿತ ಅಭ್ಯಾಸ ಅದು. ಕೆಟ್ಟ ಕೆಲಸ ಮಾಡುವಾಗಲೂ ಕೈ ಬಿಡಲಿಲ್ಲ."

"ಅತ್ತಿಗೆ, ನಾನ್ಯಾಕೆ ನನ್ನ ಪಾಸ್‌ಪೋರ್ಟ್—"

ಅಕ್ಕ ಬೂಟು ತಂದು ಅಡಿ ಮೇಲಾಗಿಸಿ ಹಿಡಿದಳು. ಹೊಸ ಟೈರಿಗಿರುವಂಥ ಸಣ್ಣ ರಬ್ಬರ್ ಕೂದಲು ಅಟ್ಟೆಯ ತುಂಬ ಹಾಗೇ ನಿಂತಿದ್ದವು.

"ಟೈರು ನೋಡಿ ಗಾಡಿ ಓಡಿದ್ಯೋ ಇಲ್ವೋ ಹೇಳೋ ಕೆಲಸ ನಿಮ್ದು. ಇದು ಗುಡ್ಡ ಹತ್ತಿದ ಬೂಟಾ?"

ಮಗ ಅಪ್ಪನನ್ನೇ ನೋಡುತ್ತಿದ್ದ. ಮೇಷ್ಟ್ರು ಪ್ಯಾಂಟಿನ ಅಂಚು ತಿರುಚುತ್ತಾ ಕೂತರು.

"ಒಂದ್ಸಲ ಹೋದೆ" ಎಂದರು ಕೊನೆಗೆ. "ಮಾಮೂಲಿ ಚಪ್ಪಲೀಲಿ. ಅರ್ಧಕ್ಕೇ ಕೂತುಬಿಟ್ಟೆ. ಎದೆ ಬಡ್ಕೊಳ್ಳೋದು ನಿಲ್ಲಲೇ ಇಲ್ಲ. ಮತ್ತೆ ಹೋಗ್ಲಿಲ್ಲ. ದಿನಾ ಬೆಳಿಗ್ಗೆ ಕಾರಲ್ಲಿ ಕೂತು ಪೇಪರ್ ಓದಿ ಬರ್ತಿದ್ದೆ."

"ಕೈಲಾಗಲ್ಲ ಅಂದಿದ್ರೆ ಮುಗೀತಿತ್ತು."

"ನಗ್ತಿದ್ರು ಅತ್ತಿಗೆ! ವರ್ಷವಿಡೀ ಅಷ್ಟು ಕೊಚ್ಚಿಕೊಂಡು... ಸಾಯೋ ತನಕ ಆಡ್ಕೋತಿದ್ರು."

"ನಿಮ್ಮನ್ನ ನೋಡಿ ನಗಬಾರದು ಅಂತ ಇವಳ ತಲೆ ಕೆಟ್ಟಿದೆ ಅಂತ ಮಾಡಿದ್ರಿ. ನಮ್ಮಮ್ಮನ್ನ ನಡುವೆ ಎಳೆದ್ರಿ." ಅಕ್ಕನ ದನಿ ಮೊದಲ ಸಲ ಏರಿತು. "ಗಂಡು ಗೊರಿಲ್ಲಾ ಎದೆ ಬಡಿದುಕೊಂಡು ಬಂದ್ರೆ ತಲೆ ತಗ್ಗಿಸಿ ಕೂರಬೇಕು ಅಂತ ಊರಿಗೆಲ್ಲ ಪಾಠ ಹೇಳಿದ್ರಲ್ಲ, ಇವಳು ಮದುವೆ ಆದಾಗಿಂದ ಮಾಡಿದ್ದು ಅದನ್ನೇ."

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. "ಹೋಗ್ಲಿ ಬಿಡೇ. ಈಗ ಗೊತ್ತಾಯ್ತಲ್ಲ, ನಿನಗೇನೂ ಆಗಿಲ್ಲ ಅಂತ. ಸಂತೋಷ ಪಡು."

ಸಂತೋಷವಾಗಬೇಕಿತ್ತು. ಲಾಂಡ್ರಿಯಮ್ಮ ತನ್ನೊಳಗೆ ಅದನ್ನು ಹುಡುಕಿದಳು, ಸಿಗಲಿಲ್ಲ. ಮೂರು ದಿನ ಮೂರು ರಾತ್ರಿ ತಲೆ ಕೆದಕಿ ಕೆದಕಿ, ನೆನ್ನೆಯಿಂದ ಅವಳಿಗೆ ಆ ಮಾತುಕತೆ ನೆನಪಾಗತೊಡಗಿತ್ತು. ಅಡುಗೆಮನೆಯ ಬಾಗಿಲು, ಗಂಡನ ಕೈಯಲ್ಲಿ ಪ್ಯಾಂಟು, ಒದ್ದೆ ಕೈ ಸೆರಗಿಗೆ ಒರೆಸುತ್ತಾ ತಾನು "ಹೂಂ" ಎಂದದ್ದು. ನಡೆದೇ ಇಲ್ಲದ ಆ ಮಾತು ಈಗಲೂ ಕಣ್ಣಿಗೆ ಕಟ್ಟಿದಂತಿತ್ತು.

"ನೀವು ಹೇಳಿದ್ದು ನನಗೆ ನೆನಪಿದೆ ರೀ" ಎಂದಳು. "ಸುಳ್ಳು ಅಂತ ಗೊತ್ತಾದ ಮೇಲೂ ನೆನಪಿದೆ. ಅದನ್ನ ಯಾರು ಅಳಿಸ್ತಾರೆ?"

ಮೇಷ್ಟ್ರ ಫೋನು ಬಡಿದುಕೊಂಡಿತು. ವಾಕಿಂಗ್ ಗೆಳೆಯರಲ್ಲಿ ಹಿರಿಯರು, ಊರಲ್ಲಿ ಒಳ್ಳೆಯವರೆಂದು ಹೆಸರಾದ ಔಷಧಿ ಅಂಗಡಿಯ ಯಜಮಾನರು. ವಿಮಾನ ನಿಲ್ದಾಣಕ್ಕೆ ಹೊರಟಿದ್ದರು.

"ಹೊರಟ್ವಿ ಮೇಷ್ಟ್ರೇ. ನೀವಿಲ್ಲದೆ ಬೇಜಾರು. ಮನೆಯವರು ಹೇಗಿದ್ದಾರೆ?"

ಮೇಷ್ಟ್ರು ಒಮ್ಮೆ ಅಕ್ಕನನ್ನು ನೋಡಿದರು, ಒಮ್ಮೆ ಮಗನನ್ನು. ಹೆಂಡತಿಯನ್ನು ನೋಡಲಿಲ್ಲ.

"ಹಾಗೇ ಇದಾಳೆ" ಎಂದರು. "ನಾಳೆ ಡಾಕ್ಟ್ರಿಗೆ ತೋರಿಸ್ಬೇಕು."

ಲಾಂಡ್ರಿಯಮ್ಮ ಮೂರು ಹೆಜ್ಜೆಯಲ್ಲಿ ಬಂದು ಫೋನು ಕಿತ್ತುಕೊಂಡಳು.

"ಅಣ್ಣಾ, ನಾನು ಮಾತಾಡ್ತಿರೋದು. ನನಗೇನೂ ಆಗಿಲ್ಲ. ಪಾಸ್‌ಪೋರ್ಟ್ ಹಾಳು ಮಾಡಿದ್ದು ಇವರೇ. ಬೇಕು ಅಂತಲೇ. ಬೆಟ್ಟ ಹತ್ತೋಕೆ ಹೆದರಿ ಮಾಡಿದಾರೆ. ಈಗ ಒಪ್ಪಿಕೊಂಡ್ರು, ಇಲ್ಲೇ, ಎಲ್ಲರ ಮುಂದೆ."

ಆ ಕಡೆಯಿಂದ ಯಜಮಾನರ ದನಿ ಬಂತು, ಬಹಳ ಮೃದುವಾಗಿ, ಪ್ರತಿ ಮಾತನ್ನೂ ಬಿಡಿಸಿ ಬಿಡಿಸಿ.

"ಆಯ್ತಮ್ಮ, ಆಯ್ತು. ನೀವು ಹೇಳಿದ ಹಾಗೇ. ಈಗ ಸ್ವಲ್ಪ ಮಲಕ್ಕೊಳ್ಳಿ. ಫೋನು ಮೇಷ್ಟ್ರಿಗೆ ಕೊಡ್ತೀರಾ, ತಾಯಿ?"