ಗೋಡೆಯ ಮೇಲಿನ ತಾರಾಲೇಖೆ

"ಏನ್ರೀ, ಹೆಂಗಸರು ಗೋಡೆ ಮೇಲೆ ಚಿತ್ರ ಬರೆಯೋದನ್ನ ಯಾವತ್ತೂ ನೋಡಿಲ್ವಾ?"

ತೀರ್ಥಮ್ಮ ಸಿಡುಕಿದಳು. ಕೈಯಲ್ಲಿ ಕೆಮ್ಮಣ್ಣು ಅದ್ದಿದ ನಾರಿನ ಕುಂಚ. ಬೀದಿಯಲ್ಲಿ ನಿಂತಿದ್ದ ಆ ಅಪರಿಚಿತ ಆಗಿನಿಂದ ಕದಲಿರಲಿಲ್ಲ.

"ಚಿತ್ರ ನೋಡಿದ್ದೀನಿ. ಇವಳನ್ನ ನೋಡಿರ್ಲಿಲ್ಲ," ಎಂದ ಅವನು, ಗೋಡೆಯಿಂದ ಕಣ್ಣು ಕೀಳದೆ.

"ತಾರಾಲೇಖೇನ? ಊರಿಗೆ ಊರೇ ನೋಡಿದೆ. ನೀವೂ ನಾಟಕಕ್ಕೆ ಹೋಗಿ, ಕಾಣಿಸ್ತಾಳೆ."

"ದಿನಾ ಹೋಗ್ತೀನಿ ಕಣ್ರೀ... ಆದ್ರೂ ನಂಗೆ ಕಾಣ್ಸಲ್ಲ."

ಇವನ್ಯಾರೋ ಹುಚ್ಚ ಇರಬೇಕು!

ಅವನು ಅವಳತ್ತ ತಿರುಗಿದ. ರೆಪ್ಪೆಯಂಚಿನಲ್ಲಿ ತೊಳೆದರೂ ಹೋಗದ ಕಾಡಿಗೆ. ಎಲ್ಲೋ ನೋಡಿದ ಕಣ್ಣುಗಳು... ಅಯ್ಯೋ, ತಾನು ಬೆಳಗಿನಿಂದ ಗೋಡೆಯ ಮೇಲೆ ತಿದ್ದುತ್ತಿದ್ದ ಕಣ್ಣುಗಳೇ!

"ನೀವು... ನೀವೇನಾ ಆ ಪಾತ್ರ ಮಾಡೋರು?"

"ಹೂಂ. ಷಣ್ಮುಖಪ್ಪ ಅಂತ. ಅವಳ ವೇಷದೊಳಗೆ ನಾನೇ ಇರ್ತೀನಲ್ಲ, ಹೊರಗಿಂದ ಹೆಂಗೆ ನೋಡ್ಲಿ? ಅವಳು ಇಷ್ಟು ಚೆನ್ನಾಗವ್ಳೆ ಅಂತ ಇವತ್ತೇ ಗೊತ್ತಾಗಿದ್ದು."

ತೀರ್ಥಮ್ಮನ ಮುಖ ಕೆಮ್ಮಣ್ಣಿಗಿಂತ ಕೆಂಪಾಯಿತು.

ಮೈಸೂರು ಮಹಾರಾಜರ ಆಳ್ವಿಕೆಯ ಕಾಲ. ನಾಟಕದಲ್ಲಿ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ದಿನಗಳು. ಆ ಬೇಸಗೆ ಅಜ್ಜಂಪುರದ ಸಂತೆ ಮೈದಾನದಲ್ಲಿ ಕಂಪನಿಯೊಂದು ಡೇರೆ ಹಾಕಿತ್ತು. ಯುದ್ಧಕ್ಕೆ ಹೋದ ಗಂಡನಿಗಾಗಿ ಹೊಳೆಯ ದಂಡೆಯಲ್ಲಿ ಕಾಯುವ ರಾಜಕುಮಾರಿ ತಾರಾಲೇಖೆಯ ಕಥೆಗೆ ಊರೇ ಮರುಳಾಗಿತ್ತು.

ಕೊಬ್ಬರಿ ವ್ಯಾಪಾರಿ ಸೋಮಶೇಖರಪ್ಪನ ಒಬ್ಬಳೇ ಮಗಳು ತೀರ್ಥಮ್ಮ. ತಾಯಿ ಹೋದ ಮೇಲೆ ಮನೆಯ ಭಾರವೆಲ್ಲ ಅವಳದೇ. ಹಾಗಾಗಿ ಇಪ್ಪತ್ತು ತುಂಬಿದರೂ ಮದುವೆಯಾಗಿರಲಿಲ್ಲ. ಸೋದರತ್ತೆ ಕಲ್ಲಮ್ಮನ ಜೊತೆ ನಾಟಕ ನೋಡಿ ಬಂದವಳಿಗೆ ತಡೆಯಲಾಗಲಿಲ್ಲ. ಜಗಲಿಯ ಗೋಡೆಯ ಮೇಲೆ ಸುಣ್ಣ, ಅರಿಶಿನ, ದೀಪದ ಮಸಿಯಲ್ಲಿ ಆ ಕಥೆಯನ್ನೇ ಬರೆಯತೊಡಗಿದಳು.

ಚಿತ್ರ ಬೆಳೆದಂತೆ ಕೇರಿಯ ಹೆಂಗಸರೆಲ್ಲ ಜಗಲಿಗೆ ಬಂದರು. ಅವರಲ್ಲಿ ಎಷ್ಟೋ ಜನರಿಗೆ ನಾಟಕಕ್ಕೆ ಹೋಗಲು ಮನೆಯಲ್ಲಿ ಅಪ್ಪಣೆಯಿರಲಿಲ್ಲ. ಅವರ ಪಾಲಿಗೆ ಈ ಗೋಡೆಯೇ ನಾಟಕ!

"ಲೇ ತೀರ್ಥಾ, ಗಂಡ ಯಾವಾಗ ಬತ್ತಾನೆ ಕಣೇ?" ಎಂದು ಎದುರುಮನೆಯ ಹುಲಿಗೆಮ್ಮಜ್ಜಿ ದಿನವೂ ಕೇಳುತ್ತಿದ್ದಳು.

"ನಾಳೆ ಬರಿತೀನಿ ಅಜ್ಜಿ."

"ಬೇಗ ಬರಿಯವ್ವ... ಪಾಪ, ಎಷ್ಟೂಂತ ಕಾಯ್ತಾಳೆ!"

ಷಣ್ಮುಖಪ್ಪನೂ ಬರುತ್ತಿದ್ದ. ಹುಲಿಗೆಮ್ಮನ ಜಗಲಿಯ ಮೇಲೆ ಕುಳಿತು ನೋಡುತ್ತಿದ್ದ. ಮಾತು ಕಡಿಮೆ. ಒಮ್ಮೆ ಮಾತ್ರ ಮೆಲ್ಲಗೆ ಕೇಳಿದ:

"ಹೊಳೆ ದಂಡೇಲಿ ಅವಳು ನಗ್ತಾ ಇದ್ದಾಳಲ್ಲ... ನಾಟಕದಲ್ಲಿ ನಾನು ಅಳ್ತೀನಿ."

"ಕಾಯೋರು ಯಾವಾಗ್ಲೂ ಅಳ್ತಾರಾ? ಬರೋರನ್ನ ನೆನೆಸ್ಕೊಂಡು ಒಂದೊಂದ್ಸಲ ನಗೂನೂ ಬರುತ್ತೆ."

ಆ ಸಂಜೆಯ ಆಟದಲ್ಲಿ ತಾರಾಲೇಖೆ ಹೊಳೆಯ ದಂಡೆಯಲ್ಲಿ ನಕ್ಕಳು. ಬಿದಿರು ತಟ್ಟಿಯ ಹಿಂದೆ, ಹೆಂಗಸರ ಸಾಲಿನಲ್ಲಿ ಕುಳಿತಿದ್ದ ತೀರ್ಥಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದಳು.

ಇದು ನನಗಾಗಿ... ನನಗೊಬ್ಬಳಿಗಾಗಿ!

ಊರ ಬಾಯಿ ಸುಮ್ಮನಿರುತ್ತದೆಯೇ? ಸುದ್ದಿ ಸೋಮಶೇಖರಪ್ಪನ ಕಿವಿಗೂ ಬಿತ್ತು.

"ನಾಟಕದೋನ ಮುಖ ನನ್ನ ಮನೆ ಗೋಡೆ ಮೇಲಾ? ಕಡೂರಿನೋರು ಹೆಣ್ಣು ಕೇಳ್ಕೊಂಡು ಬರೋ ಹೊತ್ತಲ್ಲಿ! ನಿಜ ಹೇಳು, ಅವನು ನಿಂಗೇನಾಗ್ಬೇಕು?"

ನಿಜ ಹೇಳಿದರೆ ಅಪ್ಪ ನಾಲ್ಕು ಜನರನ್ನು ಕರೆದು ಅವನನ್ನು ಹೊಡೆಸುತ್ತಾರೆ...

"ಏನೂ ಆಗ್ಬೇಕಿಲ್ಲ ಅಪ್ಪಾ! ನಾನು ಬರೆದಿದ್ದು ಕಥೇಲಿರೋ ಹೆಣ್ಣನ್ನ. ಆ ಗಂಡಸು ಯಾರೋ ಏನೋ, ನಂಗೇನು?"

ಮರುದಿನವೇ ಕಂಪನಿ ಡೇರೆ ಕಿತ್ತಿತು. ಅವನು ಹೇಳಿಹೋಗಲೂ ಬರಲಿಲ್ಲ. ಅದೇ ಮಧ್ಯಾಹ್ನ ಆಳುಗಳು ಜಗಲಿಯ ಗೋಡೆಗೆ ಸುಣ್ಣ ಬಳಿದರು.

"ನಿನ್ನೆ ಬಂದಿದ್ದ ಕಣೇ," ಎಂದಳು ಹುಲಿಗೆಮ್ಮ. "ಹೊಸ ರುಮಾಲು ಸುತ್ಕೊಂಡು, ಎಲೆ ಅಡಿಕೆ ಹಿಡ್ಕೊಂಡು. ನಿನ್ನನ್ನ ಕೊಡಿ ಅಂತ ನಿಮ್ಮಪ್ಪನ್ನ ಕೇಳೋಕೆ ಅಂತ್ಲೇ ಬಂದ. ಬಾಗ್ಲಲ್ಲಿ ನಿಂತು ನೀನಂದಿದ್ದು ಕೇಳಿ... ಹಂಗೇ ತಿರುಗಿ ಹೋಗ್ಬಿಟ್ಟ."

ತೀರ್ಥಮ್ಮ ಹಸಿ ಸುಣ್ಣದ ಗೋಡೆಯತ್ತ ಮುಖ ತಿರುಗಿಸಿದಳು.

ಕಡೂರಿನ ಸಂಬಂಧವನ್ನು ಅವಳು ಒಪ್ಪಲಿಲ್ಲ. ಅಪ್ಪ ತಿಂಗಳುಗಟ್ಟಲೆ ಮಾತು ಬಿಟ್ಟರು. ಹುಲಿಗೆಮ್ಮಜ್ಜಿ ತನ್ನ ಮನೆಯ ಗೋಡೆಯನ್ನೇ ಬಿಟ್ಟುಕೊಟ್ಟಳು. ಅಲ್ಲಿ ಮತ್ತೆ ಹೊಳೆ ಹರಿಯಿತು, ಆನೆ ಕುದುರೆಗಳು ನಡೆದವು, ಹೆಂಗಸರು ಕಣ್ಣರಳಿಸಿ ನೋಡಿದರು. ಆದರೆ ತಾರಾಲೇಖೆಗೆ ಮುಖ ಬರೆಯಲು ಹೋದಾಗಲೆಲ್ಲ ತೀರ್ಥಮ್ಮನ ಕೈ ನಿಂತುಬಿಡುತ್ತಿತ್ತು.

ಎಲ್ಲಿದ್ದೀರಿ? ನಾನಂದ ಆ ಒಂದು ಮಾತನ್ನೇ ನಂಬಿಬಿಟ್ರಾ...?

ಎರಡು ಮಳೆಗಾಲ ಕಳೆದವು. ಕಂಪನಿ ಕಡೂರಿಗೆ ಬಂದ ಸುದ್ದಿ ಕೇಳಿ ಅವಳು ಅತ್ತೆಯ ಕೈ ಹಿಡಿದುಕೊಂಡಳು. ಕಲ್ಲಮ್ಮ ಏನೂ ಕೇಳದೆ ಕರೆದುಕೊಂಡು ಹೋದಳು.

ಪರದೆ ಎದ್ದಿತು. ತಾರಾಲೇಖೆ ಬಂದಳು. ಅದೇ ಸೀರೆ, ಅದೇ ಒಡವೆ, ಅದೇ ಹಾಡು. ಆದರೆ ಅವನಲ್ಲ!

ವಿಚಾರಿಸಿದ ಕಲ್ಲಮ್ಮನಿಗೆ ಕಂಪನಿಯವರು ಹೇಳಿದರು: ಷಣ್ಮುಖಪ್ಪನ ಗಂಟಲು ಕೆಟ್ಟು ಹಾಡು ನಿಂತುಹೋಗಿತ್ತು. ಈಗ ತರೀಕೆರೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಾನೆ.

ಮರುದಿನ ಮಧ್ಯಾಹ್ನ ತರೀಕೆರೆಯ ಪೇಟೆಬೀದಿ. ಮಿಷನ್ನಿನ ಮೇಲೆ ಬಗ್ಗಿದ್ದವನು ತಲೆಯೆತ್ತಿದ. ಕಣ್ಣಲ್ಲಿ ಕಾಡಿಗೆಯಿಲ್ಲ. ಕೆನ್ನೆ ಒಳಸೇರಿತ್ತು.

"ಏನು ಹೊಲೀಬೇಕಿತ್ತು?" ದನಿ ಒಡೆದ ಮಡಕೆಯಂತಿತ್ತು.

"ನಾನು ಅವತ್ತು ಸುಳ್ಳು ಹೇಳ್ದೆ," ಎಂದಳು ತೀರ್ಥಮ್ಮ. "ನಿಮ್ಮನ್ನ ಹೊಡೆಸಿಬಿಡ್ತಾರೆ ಅಂತ ಹೆದ್ರಿಕೊಂಡು ಹೇಳ್ದೆ."

ಅವನು ಸೂಜಿಯಡಿಯ ಬಟ್ಟೆಯನ್ನು ಮೆಲ್ಲಗೆ ಎಳೆದು ತೆಗೆದ.

"ಸುಳ್ಳಲ್ಲ ಬಿಡಿ. ನೀವು ಮೆಚ್ಚಿದ್ದು ತಾರಾಲೇಖೇನ. ಅವಳು ಈಗ ನನ್ನೊಳಗಿಲ್ಲ. ಈ ದನಿ ಕೇಳ್ತಿದ್ದೀರಲ್ಲ..."

"ತಾರಾಲೇಖೆ ಕಡೂರಲ್ಲಿದ್ದಾಳೆ. ನಿನ್ನೆ ನೋಡ್ಕೊಂಡು ಬಂದೆ. ಆ ಹುಡುಗ ಚೆನ್ನಾಗೇ ಮಾಡ್ದ. ಸುತ್ತ ಇದ್ದೋರೆಲ್ಲ ಅತ್ರು..." ಅವಳ ಕಣ್ಣು ತುಂಬಿತು. "ನಂಗೆ ಅಳು ಬರ್ಲಿಲ್ಲ ಕಣ್ರೀ. ಒಂದು ಹನೀನೂ ಬರ್ಲಿಲ್ಲ. ಇವತ್ತು ನಿಮ್ಮ ಈ ದನಿ ಕೇಳಿದ ಕೂಡ್ಲೇ ನೋಡಿ ಹೆಂಗಾಗಿದ್ದೀನಿ! ಇನ್ನೂ ಏನು ಹೇಳ್ಬೇಕು ನಾನು?"

ಮಿಷನ್ನಿನ ಚಕ್ರದ ಮೇಲಿದ್ದ ಅವನ ಕೈ ಜಾರಿತು. ಅವನು ಮುಖ ಮುಚ್ಚಿಕೊಂಡು ಅತ್ತ. ಪಾತ್ರವಿಲ್ಲದೆ, ಜನರಿಲ್ಲದೆ, ಮೊದಲ ಸಲ.

"ನಿಮ್ಮಪ್ಪ...?" ಎಂದ ಕೊನೆಗೆ.

"ಅವನನ್ನ ನಾನು ನೋಡ್ಕೊತೀನಿ," ಬಾಗಿಲಲ್ಲಿ ಕುಳಿತಿದ್ದ ಕಲ್ಲಮ್ಮ ಗದರಿದಳು. "ನಾನು ಎತ್ತಿ ಆಡಿಸಿದ ತಮ್ಮ ಅವನು. ಮಗಳು ಒಣಗೋದನ್ನ ನೋಡಿ ಅವನಿಗೂ ಸಾಕಾಗಿದೆ. ಮಠದ ಅಯ್ನೋರಿಂದ ಒಂದು ಮಾತು ಹೇಳಿಸ್ತೀನಿ, ತಾನೇ ಬಂದು ಕರೀತಾನೆ."

ಹಾಗೆ ಹೇಳಿ ಅವಳು ಬೇಕೆಂದೇ ಎಲೆ ಅಡಿಕೆಯ ಅಂಗಡಿಯತ್ತ ನಡೆದಳು.

ಇಬ್ಬರೇ ಉಳಿದರು.

"ಒಂದು ಕೇಳ್ಲಾ?" ಎಂದ ಅವನು. "ಕಂಪನೀಲಿ ಎಲ್ಲರೂ ನನ್ನ ಲೇಖೆ ಅಂತ್ಲೇ ಕರೀತಿದ್ರು. ಇಲ್ಲಿ ಟೈಲರ್ ಅಂತಾರೆ. ನನ್ನ ಹೆಸರು ಹಿಡಿದು ಕರೆಯೋರೇ ಇಲ್ಲ."

ತೀರ್ಥಮ್ಮ ತಲೆ ತಗ್ಗಿಸಿದಳು. "ಮದುವೆ ಆದ್ಮೇಲೆ ನಾನೂ ಕರೆಯಂಗಿಲ್ಲ. ಗಂಡನ ಹೆಸರು ಹೇಳ್ಬಾರ್ದಲ್ಲ."

"ಈಗಿನ್ನೂ ಆಗಿಲ್ವಲ್ಲ..."

ಅವಳು ಬೀದಿಯತ್ತ ಒಮ್ಮೆ ನೋಡಿದಳು. ಆಮೇಲೆ ಅವನನ್ನು ನೋಡಿದಳು.

"ಷಣ್ಮುಖಪ್ಪ..."

"ಇನ್ನೊಂದ್ಸಲ."

"ಷಣ್ಮುಖಪ್ಪ."

"ಹೂಂ... ಇಲ್ಲೇ ಇದ್ದೀನಿ ಕಣೇ."