ಎಂಟೂವರೆಗೆ ದೂರು, ಏಳಕ್ಕೆ ಪತ್ತೆ

೧೯೫೪ರ ಫೆಬ್ರವರಿ ೧೧, ಗುರುವಾರ. ಬೆಳಿಗ್ಗೆ ಎಂಟೂವರೆಗೆ ನಿಂಗಮ್ಮ ಏದುಸಿರು ಬಿಡುತ್ತ ಬಾಣೆಗುಡ್ಡೆ ಠಾಣೆಯ ಮೆಟ್ಟಿಲು ಹತ್ತಿದಳು. ಹಿತ್ತಿಲಲ್ಲಿಟ್ಟಿದ್ದ ಅವಳ ತಾಮ್ರದ ಕೊಡ ಕಾಣೆಯಾಗಿತ್ತು.

ಇನ್ಸ್‌ಪೆಕ್ಟರ್ ಪೂವಯ್ಯ ತಾವೇ ಎಫ್‌ಐಆರ್ ಬರೆದುಕೊಂಡರು. ಅವರು ಮಡಿಕೇರಿಯಿಂದ ತಪಾಸಣೆಗೆಂದು ಬಂದು ಒಂದೇ ದಿನವಾಗಿತ್ತು. ಠಾಣೆಗಳ ದಕ್ಷತೆ ಅಳೆಯಲು ಮೇಲಿನವರು ಹಿಡಿದಿದ್ದುದು ಒಂದೇ ಲೆಕ್ಕ: ನೂರು ಪ್ರಕರಣದಲ್ಲಿ ಪತ್ತೆಯಾದದ್ದೆಷ್ಟು? ಐವತ್ತಕ್ಕಿಂತ ಕೆಳಗಿಳಿದ ಠಾಣೆಯನ್ನು ಮುಚ್ಚುವ ಮಾತಿತ್ತು. ಬಾಣೆಗುಡ್ಡೆಯದು ತೊಂಬತ್ತೆರಡು. ಮೂವರು ಪೇದೆಗಳ ಠಾಣೆಗೆ ಇದು ಹೇಗೆ ಸಾಧ್ಯವೆಂದು ಅವರಿಗೆ ಬಗೆಹರಿದಿರಲಿಲ್ಲ.

ಹತ್ತು ಗಂಟೆಗೆ ಹೆಡ್ ಕಾನ್‌ಸ್ಟೇಬಲ್ ದೇವರಾಜು ಕೊಡವನ್ನೂ, ಜೊತೆಗೆ ತೋಟದ ಕೂಲಿಯಾಳು ಕೆಂಚನನ್ನೂ ತಂದು ನಿಲ್ಲಿಸಿದ. ಕೊಡ ಸಿಕ್ಕಿದ್ದಕ್ಕೆ ಸಾಕ್ಷಿಯ ಸಹಿಯಿದ್ದ ಪಂಚನಾಮೆಯೂ ಸಿದ್ಧವಿತ್ತು. ಸಮಯ: ಬೆಳಿಗ್ಗೆ ಏಳು.

"ದೂರು ಬಂದದ್ದು ಎಂಟೂವರೆಗೆ. ಮೊದಲೇ ಹೇಗೆ ಸಿಕ್ಕಿತು?"

"ಬೀಟಲ್ಲಿದ್ದೆ ಸಾ. ಕೂಲಿಯೋರ ಲೈನ್ ಮನೆ ಹಿಂದೆ ಇವ್ನು ಬಚ್ಚಿಡ್ತಿದ್ದ."

"ನಿಂಗಮ್ಮನ ಕೊಡ ಅಂತ ಬರೆದಿದ್ದೀಯಲ್ಲ?"

"ಊರಿನ ಕೊಡ ಗೊತ್ತಾಗಲ್ವ ಸಾ?"

ಇರಬಹುದು ಎನಿಸಿತು. ಆದರೂ ಮನಸ್ಸು ಒಪ್ಪಲಿಲ್ಲ. ಪೂವಯ್ಯ ಕೆಂಚನ ಕಡೆ ತಿರುಗಿದರು.

"ನಂಗೇನೂ ತಿಳೀದು ಬುದ್ಧೀ. ಹೋದ ಸಲಾನೂ ಹಿಂಗೇ ಹಿಡ್ಕೊಬಂದ್ರು. ಹದಿನೈದು ದಿನ ಒಳಗಿದ್ದೆ."

ಯಾರ ಮಾತು ನಿಜ? ಪೂವಯ್ಯ ಪಂಚನಾಮೆಗೆ ಸಹಿ ಹಾಕಿದ್ದ ಮಲ್ಲನ ಚಹಾದಂಗಡಿಗೆ ನಡೆದರು.

"ಸಹಿ ಎಷ್ಟು ಹೊತ್ತಿಗೆ ಹಾಕಿದೆ?"

"ನಿನ್ನೆ ಬೈಗಿಗೆ ಸ್ವಾಮಿ."

"ನಿನ್ನೆಯಾ? ಓದಿ ನೋಡಿದೆಯಾ?"

"ಓದ್ದೆ. ನಿಂಗಮ್ಮನ ಕೊಡ ಅಂತಿತ್ತು. ಪೊಲೀಸ್ನೋರು ಬರೆದಿದ್ದಲ್ವ, ಸರೀನೇ ಇರ್ತದೆ ಅಂದ್ಕೊಂಡೆ."

ಪೂವಯ್ಯ ಪಂಚನಾಮೆಯನ್ನು ಮಡಚಿಕೊಂಡು ಹೊರಟರು. ನಿಂಗಮ್ಮನ ಮನೆಗೆ ಹೋಗಿ ಕೇಳಿದರು: "ಕೊಡವನ್ನು ಕಡೆಯದಾಗಿ ಕಂಡದ್ದು ಯಾವಾಗ?"

"ಇವತ್ತು ನಸುಕಲ್ಲಿ. ಅದರಲ್ಲೇ ನೀರು ಸೇದಿದ್ದೆನಲ್ಲ!"

ಹಾಗಾದರೆ ಕಳವಿಗೆ ಮುಂಚೆಯೇ ಪತ್ತೆ ಬರೆಯಲಾಗಿತ್ತು. ಬರೆದವನೇ ಕದ್ದಿದ್ದ.

ಮಧ್ಯಾಹ್ನ ಎರಡು ಗಂಟೆಗೆ ಪೂವಯ್ಯ ಠಾಣೆಗೆ ಮರಳಿ ಕೆಂಚನ ಕೈಗೆ ಕಟ್ಟಿದ್ದ ಹಗ್ಗ ಬಿಚ್ಚಿಸಿದರು. ದೇವರಾಜು ಎಲ್ಲವನ್ನೂ ಒಪ್ಪಿಕೊಂಡ. ಬೆಲ್ಟು, ಟೋಪಿ ತೆಗೆದು ಮೇಜಿನ ಮೇಲಿಟ್ಟ. ವರ್ಷದಲ್ಲಿ ಒಂಬತ್ತು ಸಾಮಾನು ಕದ್ದಿದ್ದ. ಒಂಬತ್ತನ್ನೂ ಹಿಂದಿರುಗಿಸಿದ್ದ.

"ಬಡ್ತಿಗಾಗಿಯಾ?"

"ಅಲ್ಲ ಸಾ. ಮೂವತ್ತೆಂಟರಲ್ಲಿ ಇಲ್ಲಿ ಠಾಣೆ ಇರ್ಲಿಲ್ಲ. ಮನೆಗೆ ಕಳ್ಳರು ನುಗ್ಗಿ ನನ್ನ ತಂಗಿ ಸಿದ್ದಮ್ಮನ್ನ ಕೊಂದ್ರು. ಅಪ್ಪ ಹದಿನಾಲ್ಕು ಮೈಲಿ ನಡೆದು ಹೇಳ್ದ. ಪೊಲೀಸ್ನೋರು ಬಂದಿದ್ದು ಮೂರನೇ ದಿನ." ಅವನು ಗೋಡೆಗೊರಗಿದ. "ಇದಕ್ಕೆ ಮುಂಚಿನ ವರ್ಷ ನಾಲ್ಕು ನಿಜವಾದ ಕೇಸು ಪತ್ತೆ ಆಗ್ಲಿಲ್ಲ, ಲೆಕ್ಕ ಐವತ್ತರ ಕೆಳಗಿಳೀತು. ಇನ್ನು ಠಾಣೆ ಮುಚ್ತಾರೆ ಅಂದ್ರು. ಅದಕ್ಕೇ ಹಿಂಗೆ ಮಾಡ್ದೆ."

ಪೂವಯ್ಯ ಮೇಜಿನ ಮೇಲಿದ್ದ ಟೋಪಿಯನ್ನು ಪಕ್ಕಕ್ಕೆ ಸರಿಸಿದರು. ಬಳಿಕ ಕೇಳಿದರು: "ಆ ಹದಿನೈದು ದಿನ ಕೆಂಚನ ಮನೇಲಿ ಯಾರಿದ್ದರು?"

ದೇವರಾಜು ತಲೆಯೆತ್ತಿದ. ಅದು ಅವನಿಗೆ ಗೊತ್ತಿರಲಿಲ್ಲ.